ಆ ಅಣ್ಣ ಹತ್ತುವ ಬೋಗಿ

ಪ್ರಶ್ನೆ: ಮೇಡಂ, ನಾನು ಕೆಜಿಎಫ್‌ನ ಕೋರಮಂಡಲ್‌ನವಳು. ವಯಸ್ಸು 23. ಬೆಂಗಳೂರಿನ ಕಾಲೇಜೊಂದರಲ್ಲಿ ಎಂಬಿಎ ಕೊನೆಯ ಸೆಮಿಸ್ಟರ್, ಎಚ್‌ಆರ್ ವಿಭಾಗ. ದಿನಾ ರೈಲಿನಲ್ಲೇ ಓಡಾಟ. ತಾತ ಚಾಂಪಿಯನ್ ರೀಫ್‌ನಲ್ಲಿ ಅಂಡರ್‌ಗ್ರೌಂಡ್ ಕೆಲಸ ಮಾಡಿದವರು. ಅಪ್ಪನೂ ಗಣಿಗೇ ಸೇರಿದ್ದರು. 2001ರಲ್ಲಿ ಗಣಿ ಮುಚ್ಚಿತು. ಅಲ್ಲಿಂದ ಇಲ್ಲಿಯವರೆಗೂ ಬೆಂಗಳೂರಿನಲ್ಲಿ ಸೆಕ್ಯುರಿಟಿ ಕೆಲಸ. ಅಮ್ಮ ಸಂಘದಲ್ಲಿ ಸಾಲ ತೆಗೆದು ನನ್ನ ಫೀಸು ಕಟ್ಟಿದ್ದಾರೆ.

ಮಾಲೂರು ಕಡೆಯ ಒಂದು ಕಾರ್ಖಾನೆಯಲ್ಲಿ ಎರಡು ತಿಂಗಳ ಇಂಟರ್ನ್‌ಶಿಪ್ ಸಿಕ್ಕಿತ್ತು. ಕೊನೆಯ ವಾರ ಅಲ್ಲಿನ ಸರ್ ಒಂದು ಎಕ್ಸೆಲ್ ಶೀಟ್ ಕೊಟ್ಟು, ನಿಲ್ಲಿಸಬೇಕಾದ ಕಾಂಟ್ರ್ಯಾಕ್ಟ್ ಕೆಲಸಗಾರರ ಹೆಸರುಗಳನ್ನು ಬೇರೆ ಮಾಡಿ ಪ್ರಿಂಟ್ ತೆಗಿ ಎಂದರು. ಹತ್ತೊಂಬತ್ತು ಹೆಸರು. ಹದಿನಾಲ್ಕನೆಯದು ನಮ್ಮ ಸ್ಟೇಷನ್ನಿನಲ್ಲೇ ರೈಲು ಹತ್ತುವ ಒಬ್ಬ ಅಣ್ಣನದು. ಮರುದಿನ ಬೆಳಿಗ್ಗೆ ಪ್ಲಾಟ್‌ಫಾರಂನಲ್ಲಿ ಅವರು, "ಏನಮ್ಮಾ, ತಿಂಡಿ ಆಯ್ತಾ, ಇಲ್ಲ ಇವತ್ತೂ ಖಾಲಿ ಹೊಟ್ಟೇನಾ?" ಅಂತ ನಕ್ಕರು. ಅವರಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ಅವತ್ತಿನಿಂದ ಅವರು ಹತ್ತುವ ಬೋಗಿ ಬಿಟ್ಟು ಹಿಂದಿನ ಬೋಗಿ ಹತ್ತುತ್ತಿದ್ದೇನೆ. ಈಗ ಅವರು ವೈಟ್‌ಫೀಲ್ಡ್ ಕಡೆ ಎಲ್ಲೋ ಹೋಗುತ್ತಾರಂತೆ. ಅದೇ ರೈಲು.

ಅಪ್ಪನ ಮುಖ ನೋಡಲು ಆಗುತ್ತಿಲ್ಲ. ಎಚ್‌ಆರ್ ಅಂದರೇನು ಎಂದು ತಾತನಿಗೆ ಹೇಳಿದರೆ, "ಅಂದ್ರೆ ಟೈಮ್ ಆಫೀಸ್ ಕೆಲಸಾನಾ?" ಅಂತ ನಕ್ಕುಬಿಟ್ಟರು. ಕ್ಲಾಸಿನಲ್ಲಿ ಎಲ್ಲರೂ ಪಟಪಟ ಇಂಗ್ಲಿಷ್ ಮಾತಾಡುತ್ತಾರೆ, ನಾನು ಬಾಯಿ ಬಿಡುವುದಿಲ್ಲ. ಜನರನ್ನು ನಿಭಾಯಿಸುವುದು ಹೇಗೆ ಅಂತ ಓದುತ್ತಿದ್ದೇನೆ, ಒಬ್ಬ ಮನುಷ್ಯನ ಮುಖ ನೋಡುವ ಧೈರ್ಯ ನನಗಿಲ್ಲ. ರಾತ್ರಿ ಎರಡಕ್ಕೆ ಎಚ್ಚರವಾದರೆ ಮತ್ತೆ ನಿದ್ದೆ ಬರುವುದಿಲ್ಲ. ಓದು ಬಿಟ್ಟು ಬ್ಯಾಂಕ್ ಪರೀಕ್ಷೆಗೆ ಕೂರಲಾ?

– ಹೆಸರು ಬೇಡ, ಕೋರಮಂಡಲ್

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಎರಡನೆಯ ಸಲ 'ಹದಿನಾಲ್ಕನೆಯದು' ಎಂಬ ಮಾತಿನ ಹತ್ತಿರ ನಿಂತುಬಿಟ್ಟೆ. ಹತ್ತೊಂಬತ್ತು ಹೆಸರಿನಲ್ಲಿ ಆ ಹೆಸರು ಎಷ್ಟನೆಯ ಸಾಲಿನಲ್ಲಿತ್ತು ಎಂಬುದು ನಿಮಗೆ ಇನ್ನೂ ನೆನಪಿದೆ. ರಾತ್ರಿ ಎರಡು ಗಂಟೆಗೆ ನಿಮ್ಮನ್ನು ಎಬ್ಬಿಸುತ್ತಿರುವುದು ಆ ಸಾಲೇ ಇರಬೇಕು.

ಮೊದಲು ಒಂದು ಮಾತು. ನಿಮಗೆ ಆಗಿರುವುದು ಅತಿಯೂ ಅಲ್ಲ, ವಿಚಿತ್ರವೂ ಅಲ್ಲ. ಎದುರಿಗಿರುವವನ ಬದುಕಿನ ಒಂದು ಸುದ್ದಿ ಅವನಿಗಿಂತ ಮೊದಲು ನಮಗೆ ತಿಳಿದಿದ್ದು, ಅದನ್ನು ಬಾಯಿಬಿಟ್ಟು ಹೇಳುವಂತಿಲ್ಲದೆ, ಅವನು ಮಾತ್ರ ನಗುತ್ತಾ ನಮ್ಮ ತಿಂಡಿಯ ವಿಚಾರ ಕೇಳುತ್ತಿದ್ದರೆ ಹೊಟ್ಟೆಯೊಳಗೆ ಏನಾಗುತ್ತದೆ ಎಂಬುದು ಅನುಭವಿಸಿದವರಿಗೇ ಗೊತ್ತು. ನನ್ನ ಕೋಣೆಗೆ ಕೆಲಸ ಕಳೆದುಕೊಂಡವರು ಬರುತ್ತಾರೆ, ಕೆಲಸದಿಂದ ತೆಗೆದವರೂ ಬರುತ್ತಾರೆ. ಈ ಎರಡನೆಯವರು ಬಾಗಿಲು ಹಾಕಿದ ಮೇಲೂ ಸ್ವಲ್ಪ ಹೊತ್ತು ಸುಮ್ಮನೆ ಕೂರುತ್ತಾರೆ. ತಮಗೆ ದುಃಖಪಡುವ ಹಕ್ಕೇ ಇಲ್ಲ ಎಂದುಕೊಂಡಿರುತ್ತಾರೆ. ಇಪ್ಪತ್ತು ವರ್ಷ ಸರ್ವಿಸ್ ಆದವರೂ ಹೀಗೆ ಕೂತದ್ದನ್ನು ನೋಡಿದ್ದೇನೆ. ನಿಮಗೆ ಅದು ಎರಡೇ ತಿಂಗಳಲ್ಲಿ, ಇಪ್ಪತ್ತಮೂರನೆಯ ವಯಸ್ಸಿಗೆ, ಯಾರ ಬೆಂಬಲವೂ ಇಲ್ಲದೆ ಎದುರಾಯಿತು. ಇಂಥ ಪಟ್ಟಿಯನ್ನು ಒಬ್ಬ ವಿದ್ಯಾರ್ಥಿನಿಯ ಕೈಗೆ ಕೊಟ್ಟು ಆಮೇಲೆ ಹತ್ತು ನಿಮಿಷ ಕೂತು ಮಾತಾಡದೇ ಇದ್ದದ್ದು ಸರಿಯಲ್ಲ. ಆ ಸರ್ ಕೆಟ್ಟವರು ಎಂದು ನಾನು ಹೇಳುತ್ತಿಲ್ಲ. ಅವರಿಗೂ ಯಾರೋ ಒಂದು ಶೀಟ್ ಕಳಿಸಿರುತ್ತಾರೆ.

ಈಗ ಸ್ವಲ್ಪ ಕಷ್ಟದ ಮಾತು. ನೀವು ಮಾಡಿದ್ದು ಎಷ್ಟು, ಮಾಡದೇ ಇದ್ದದ್ದು ಎಷ್ಟು ಎಂದು ಬೇರೆ ಬೇರೆ ಮಾಡಿ ನೋಡಿ. ಹೆಸರುಗಳನ್ನು ನೀವು ಆರಿಸಲಿಲ್ಲ. ಜನರನ್ನು ನಿಲ್ಲಿಸಬೇಕೆಂದು ತೀರ್ಮಾನಿಸಿದ್ದೂ ನೀವಲ್ಲ. ನೀವು ಆ ಶೀಟ್ ಮುಟ್ಟದಿದ್ದರೂ ಅದು ಸಂಜೆಯೊಳಗೆ ಪ್ರಿಂಟ್ ಆಗುತ್ತಿತ್ತು. ಇಷ್ಟು ನಿಜ. ಹಾಗೆಂದು 'ನಾನು ಬರೀ ಪ್ರಿಂಟ್ ತೆಗೆದೆ, ನನಗೇನು' ಎನ್ನುವ ಹಾದಿಗೂ ನಿಮ್ಮನ್ನು ನಾನು ಕಳಿಸುವುದಿಲ್ಲ. ನೀವೂ ಹೋಗಲಾರಿರಿ. ನಿಮ್ಮ ಪಾಲಿನದು ಒಂದೇ ಇದೆ, ಅದು ಸಣ್ಣದು, ಆದರೆ ನಿಮ್ಮದೇ: ಆ ಬೆಳಿಗ್ಗೆಯಿಂದ ನೀವು ಬೋಗಿ ಬದಲಿಸಿದಿರಿ. ಪಟ್ಟಿಯ ವಿಷಯದಲ್ಲಿ ನಿಮ್ಮ ಕೈ ಕಟ್ಟಿತ್ತು. ಬೋಗಿಯ ವಿಷಯದಲ್ಲಿ ಯಾರೂ ಕಟ್ಟಿಲ್ಲ. ಅಲ್ಲಿಗೆ ಆಮೇಲೆ ಬರುತ್ತೇನೆ.

ಇನ್ನೊಂದು ಸಂಶಯ. ಆ ಪಟ್ಟಿಯಲ್ಲಿ ನೀವು ಓದಿದ್ದು ಹತ್ತೊಂಬತ್ತೇ ಹೆಸರಾ? ಇಪ್ಪತ್ತನೆಯದಾಗಿ ನಿಮ್ಮ ಅಪ್ಪನ ಹೆಸರೂ ಕಾಣಿಸಿತೇನೋ. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿದಾಗ ನೀವು ಹುಟ್ಟಿರಲೇ ಇಲ್ಲ. ಆದರೂ ಕೆಜಿಎಫ್‌ನ ಲೈನ್ ಮನೆಗಳಲ್ಲಿ ಬೆಳೆದ ಮಕ್ಕಳಿಗೆ ಆ ದಿನ ತಾವೇ ಕಂಡಷ್ಟು ಗೊತ್ತಿರುತ್ತದೆ. ನೂರಿಪ್ಪತ್ತು ವರ್ಷ ನಡೆದ ಗಣಿ, ತಲೆಮಾರಿನಿಂದ ತಲೆಮಾರಿಗೆ ಬಂದ ಕೆಲಸ, ಒಂದು ಕಾಗದದಿಂದ ಮುಗಿಯಿತು. ಅಪ್ಪ ಆ ಕಾಗದವನ್ನು ಈಚೆಯಿಂದ ಓದಿದರು, ಮಗಳು ಈಗ ಇನ್ನೊಂದು ಕಾಗದವನ್ನು ಆಚೆಯಿಂದ ಪ್ರಿಂಟ್ ಮಾಡಿದಳು. ನಿಮ್ಮ ಮನಸ್ಸು ಹೀಗೆ ಲೆಕ್ಕ ಹಾಕಿದೆ. 'ನಾನು ಆ ಕಡೆಯವಳಾಗಿಬಿಟ್ಟೆ' ಎಂಬುದು ನಿಮ್ಮ ಪತ್ರದಲ್ಲಿ ಎಲ್ಲೂ ಬರೆದಿಲ್ಲ, ಆದರೆ ಪ್ರತಿ ಸಾಲಿನ ಕೆಳಗೂ ಇದೆ.

ಈ 'ಆ ಕಡೆ, ಈ ಕಡೆ' ಲೆಕ್ಕ ಎಷ್ಟು ಸರಿ ಎಂದು ನಿಮ್ಮ ಊರಿನ ಕಥೆಯಲ್ಲೇ ನೋಡೋಣ.

1930ರಲ್ಲಿ ಕೆಜಿಎಫ್‌ನ ಗಣಿಗಳಲ್ಲಿ ಒಂದು ದೊಡ್ಡ ಮುಷ್ಕರ ನಡೆಯಿತು. ಅದು ಶುರುವಾದದ್ದು ಕೂಲಿ ಸಾಲದೆಂದು ಅಲ್ಲ. ಪ್ರತಿ ಕೆಲಸಗಾರನ ಬೆರಳಚ್ಚು ತೆಗೆದು ದಾಖಲು ಮಾಡಬೇಕೆಂಬ ಏರ್ಪಾಡು ಬಂದಿತ್ತು. ಬೆರಳಚ್ಚು ಕೊಡುವವನು ಕಳ್ಳ, ನಾವೇನು ಕಳ್ಳರೇ ಎಂದು ಜನ ಸಿಟ್ಟಿಗೆದ್ದರು. ಇಪ್ಪತ್ತೊಂದು ದಿನ ಗಣಿ ಕೆಲಸ ನಿಂತಿತು. ಜಾನಕಿ ನಾಯರ್ ಅವರ 'ಮೈನರ್ಸ್ ಅಂಡ್ ಮಿಲ್‌ಹ್ಯಾಂಡ್ಸ್' ಪುಸ್ತಕದಲ್ಲಿ ಆ ಕಾಲದ ಕೆಜಿಎಫ್ ಕಾರ್ಮಿಕರ ಬದುಕು ವಿವರವಾಗಿ ಬಂದಿದೆ. ನಿಮ್ಮ ಕಾಲೇಜಿನ ಲೈಬ್ರರಿಯಲ್ಲಿಲ್ಲದಿದ್ದರೆ ತರಿಸಲು ಹೇಳಿ, ಪಠ್ಯಪುಸ್ತಕಕ್ಕಿಂತ ಹೆಚ್ಚು ಕಲಿಯುವಿರಿ. ತಮಾಷೆ ನೋಡಿ, ಇಂದು ನೀವೂ ಆ ಅಣ್ಣನೂ ಬೆಳಿಗ್ಗೆ ಮಷೀನಿಗೆ ಬೆರಳು ಒತ್ತದೆ ಗೇಟು ದಾಟುವಂತಿಲ್ಲ, ಯಾರೂ ಅದಕ್ಕಾಗಿ ಮುಷ್ಕರ ಹೂಡುವುದಿಲ್ಲ. ಬೆರಳು ಅದೇ. 1930ರಲ್ಲಿ ಆ ಏರ್ಪಾಡಿನ ಅರ್ಥ ಏನು, ಕೆಳಗೆ ದುಡಿಯುವವನಿಗೆ ಅದು ಹೇಗೆ ಕಾಣುತ್ತದೆ ಎಂದು ಮೇಲಿನವರಿಗೆ ಮುಂಚಿತವಾಗಿ ಹೇಳಬಲ್ಲ ಮನುಷ್ಯ ಮಧ್ಯದಲ್ಲಿ ಇರಲಿಲ್ಲ. ಇದ್ದರೂ ಅವನ ಮಾತು ನಡೆಯಲಿಲ್ಲ.

ತೊಂಬತ್ತು ವರ್ಷ ದಾಟಿ ಬನ್ನಿ. ಅದೇ ಕೋಲಾರ ಜಿಲ್ಲೆ, ನರಸಾಪುರ. 2020ರ ಡಿಸೆಂಬರ್ 12ರ ಬೆಳಿಗ್ಗೆ ಐಫೋನ್ ಜೋಡಿಸುವ ವಿಸ್ಟ್ರಾನ್ ಕಾರ್ಖಾನೆಯಲ್ಲಿ ಸಂಬಳದ ವಿಷಯಕ್ಕೆ ಗಲಾಟೆಯಾಯಿತು, ಗಾಜು ಪುಡಿಯಾಯಿತು, ವಾಹನಗಳು ಮಗುಚಿದವು. ನಿಮ್ಮ ಕಡೆಯ ಎಷ್ಟೋ ಹುಡುಗ ಹುಡುಗಿಯರು ಅಲ್ಲಿ ಕೆಲಸ ಮಾಡುತ್ತಿದ್ದರು, ನೀವು ಆಗ ಡಿಗ್ರಿಯಲ್ಲಿದ್ದಿರಬೇಕು. ಹಿಂಸೆಯನ್ನು ಯಾರೂ ಒಪ್ಪುವುದಿಲ್ಲ. ಆದರೆ ಆಮೇಲೆ ರಾಜ್ಯದ ಕಾರ್ಖಾನೆಗಳ ಇಲಾಖೆ ಕೊಟ್ಟ ವರದಿಯನ್ನು ಎಚ್‌ಆರ್ ಓದುವ ಪ್ರತಿಯೊಬ್ಬರೂ ಓದಬೇಕು. ಐದು ಸಾವಿರ ಇದ್ದ ಕೆಲಸಗಾರರು ಕೆಲವೇ ಕಾಲದಲ್ಲಿ ಹತ್ತು ಸಾವಿರ ದಾಟಿದ್ದರು. ಪಾಳಿ ಹನ್ನೆರಡು ಗಂಟೆಗೆ ಹೋಗಿತ್ತು. ಹಾಜರಾತಿ ವ್ಯವಸ್ಥೆ ಕೆಟ್ಟಿತ್ತು. ಇಷ್ಟು ಜನರನ್ನು ನೋಡಿಕೊಳ್ಳಲು, ಕಾರ್ಮಿಕ ಕಾನೂನು ಚೆನ್ನಾಗಿ ಬಲ್ಲ ಸಿಬ್ಬಂದಿ ಇರುವ ಎಚ್‌ಆರ್ ವಿಭಾಗವನ್ನೇ ಸರಿಯಾಗಿ ಕಟ್ಟಿರಲಿಲ್ಲ. ಕೆಲವರಿಗೆ ಸಂಬಳ ಸರಿಯಾಗಿ, ಸಮಯಕ್ಕೆ ಸಿಗಲಿಲ್ಲ ಎಂದು ಕಂಪನಿಯೇ ಒಪ್ಪಿಕೊಂಡು ಕ್ಷಮೆ ಕೇಳಿತು, ಭಾರತದ ವ್ಯವಹಾರ ನೋಡಿಕೊಳ್ಳುತ್ತಿದ್ದ ಉಪಾಧ್ಯಕ್ಷರನ್ನು ತೆಗೆಯಿತು.

ನೀವು ಓದುತ್ತಿರುವ ಕೆಲಸದ ಕುರ್ಚಿ ಖಾಲಿಯಿದ್ದರೆ ಅಥವಾ ಅದರಲ್ಲಿ ಕೂತವರಿಗೆ ಕೆಲಸ ಗೊತ್ತಿಲ್ಲದಿದ್ದರೆ ಆ ನಷ್ಟ ಮೊದಲು ಬೀಳುವುದು ಕೆಳಗಿನವನ ಮೇಲೆ. ಸಂಬಳದ ಚೀಟಿಯಲ್ಲಿ ನಾನೂರು ರೂಪಾಯಿ ಕಡಿಮೆ ಬಂದಿದ್ದು ಯಾಕೆ ಎಂದು ಕೇಳಲು ಹೋದವನಿಗೆ ಉತ್ತರ ಹೇಳುವವರಿಲ್ಲ. 'ಆ ಕಡೆ' ಎಂದು ನೀವು ಹೆದರುತ್ತಿರುವ ಮೇಜಿನ ಆ ಕಡೆಯಲ್ಲಿ ನಿಮ್ಮಂಥವರು ಕೂತರೆ ಅಣ್ಣನಿಗೆ ಏನು ನಷ್ಟ? ಯೋಚಿಸಿ. ಈ ಕುರ್ಚಿಯನ್ನು ಮಾಲೀಕರೇ ದಯೆಯಿಂದ ಹಾಕಿಸಿದ್ದೂ ಅಲ್ಲ. 1948ರ ಕಾರ್ಖಾನೆ ಕಾಯ್ದೆ, 500 ಅಥವಾ ಅದಕ್ಕೂ ಹೆಚ್ಚು ಕೆಲಸಗಾರರಿರುವಲ್ಲಿ ವೆಲ್ಫೇರ್ ಆಫೀಸರ್ ಇರಲೇಬೇಕು ಎಂದಿತು. ಈಗ ಜಾರಿಗೆ ಬಂದಿರುವ ಹೊಸ ಕಾರ್ಮಿಕ ಸಂಹಿತೆಯಲ್ಲಿ ಆ ಸಂಖ್ಯೆ 250ಕ್ಕೆ ಇಳಿದಿದೆ. ಕಾನೂನು ಬಲವಂತವಾಗಿ ಹಾಕಿಸಿದ ಕುರ್ಚಿ ಇದು.

ನೀವು ಕ್ಲಾಸಿನಲ್ಲಿ ಎಲ್ಟನ್ ಮೇಯೊ, ಮ್ಯಾಸ್ಲೋ ಎಲ್ಲ ಓದಿರುತ್ತೀರಿ. ಕೆನ್ ಬ್ಯಾಮ್‌ಫೋರ್ತ್ ಹೆಸರನ್ನು ಯಾರಾದರೂ ಹೇಳಿದರೇ? 1951ರಲ್ಲಿ ಲಂಡನ್ನಿನ ಟ್ಯಾವಿಸ್ಟಾಕ್ ಸಂಸ್ಥೆಯ ಎರಿಕ್ ಟ್ರಿಸ್ಟ್ ಮತ್ತು ಬ್ಯಾಮ್‌ಫೋರ್ತ್ ಸೇರಿ ಬ್ರಿಟನ್ನಿನ ಕಲ್ಲಿದ್ದಲು ಗಣಿಗಳ ಬಗ್ಗೆ ಒಂದು ಲೇಖನ ಬರೆದರು. ಗಣಿಗೆ ಹೊಸ ಯಂತ್ರ, ಹೊಸ ವಿಧಾನ ಬಂದಿದ್ದರೂ ಉತ್ಪಾದನೆ ಎಣಿಸಿದಷ್ಟು ಏರಲಿಲ್ಲ, ಗೈರುಹಾಜರಿ ಹೆಚ್ಚಿತು. ಯಾಕೆ? ಮುಂಚೆ ಎರಡು ಮೂರು ಜನ ತಾವೇ ಜೊತೆಗಾರರನ್ನು ಆರಿಸಿಕೊಂಡು ಒಂದು ಜಾಗದ ಕೆಲಸವನ್ನು ಆದಿಯಿಂದ ಅಂತ್ಯದವರೆಗೆ ತಾವೇ ಮಾಡುತ್ತಿದ್ದರು. ಕತ್ತಲೆಯಲ್ಲಿ ಒಬ್ಬರ ಜೀವ ಇನ್ನೊಬ್ಬರ ಕೈಯಲ್ಲಿ. ಹೊಸ ವಿಧಾನ ಆ ಗುಂಪುಗಳನ್ನು ಒಡೆದು, ಒಂದು ಪಾಳಿಗೆ ಕಡಿಯುವುದು, ಇನ್ನೊಂದಕ್ಕೆ ತುಂಬುವುದು ಎಂದು ಕೆಲಸವನ್ನು ತುಂಡು ಮಾಡಿತು. ಮನುಷ್ಯರ ನಂಟನ್ನು ಬಿಟ್ಟು ಬರೀ ಯಂತ್ರದ ಲೆಕ್ಕ ಹಾಕಿದರೆ ಯಂತ್ರವೂ ಸರಿಯಾಗಿ ಓಡುವುದಿಲ್ಲ ಎಂಬ ವಿಚಾರ ಮ್ಯಾನೇಜ್‌ಮೆಂಟ್ ಶಾಸ್ತ್ರಕ್ಕೆ ಬಂದದ್ದು ಹೀಗೆ. ಈ ಬ್ಯಾಮ್‌ಫೋರ್ತ್ ಹಿಂದೆ ಸ್ವತಃ ಕಲ್ಲಿದ್ದಲು ಗಣಿಯಲ್ಲಿ ದುಡಿದವರು. ಹೊರಗಿನ ವಿದ್ವಾಂಸನ ಕಣ್ಣಿಗೆ ಸುಲಭವಾಗಿ ಬೀಳದ್ದು ಅವರಿಗೆ ಕಂಡಿದ್ದರೆ ಆಶ್ಚರ್ಯವೇನು?

ನಿಮ್ಮ ಮನೆಯ ಜಗುಲಿಯ ಮೇಲೆ ಇಂಥದೇ ಒಂದು ಗ್ರಂಥಾಲಯ ಕೂತಿದೆ. ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದ ಚಾಂಪಿಯನ್ ರೀಫ್‌ನಲ್ಲಿ, ಬಂಡೆ ಯಾವಾಗ ಸಿಡಿಯುತ್ತದೋ ಎಂಬ ಜಾಗದಲ್ಲಿ, ತಾತ ಯಾರನ್ನು ನಂಬಿ ಕೆಲಸ ಮಾಡಿದರು? ಯಾವ ಮೇಸ್ತ್ರಿಯ ಮಾತು ಕೇಳುತ್ತಿದ್ದರು, ಯಾರ ಮಾತಿಗೆ ಸುಮ್ಮನೆ ತಲೆಯಾಡಿಸುತ್ತಿದ್ದರು? ನಿಮ್ಮ ಸಹಪಾಠಿಗಳು ಇದನ್ನು ಪಿಪಿಟಿಯಲ್ಲಿ ಓದುತ್ತಾರೆ.

ಕೆಲಸಗಾರರ ಹಾಜರಿ ಲೆಕ್ಕ ಇಡುವ ಟೈಮ್ ಆಫೀಸಿನ ವಿಷಯಕ್ಕೂ ಬರಬೇಕು. ತಾತ ನಕ್ಕಿದ್ದನ್ನು ನೀವು ಚುಚ್ಚುಮಾತು ಎಂದು ತೆಗೆದುಕೊಂಡಿದ್ದೀರಿ. ಅವರು ಏನು ಅಂದುಕೊಂಡು ನಕ್ಕರು ಎಂದು ಕೇಳಿದಿರಾ? ನಾನು ಮಾತಾಡಿಸಿರುವ ಹಳೆಯ ಕಾರ್ಮಿಕರ ಪೈಕಿ ಟೈಮ್ ಆಫೀಸಿನ ಒಬ್ಬ ಒಳ್ಳೆಯವನನ್ನೂ ಒಬ್ಬ ಕೆಟ್ಟವನನ್ನೂ ಹೆಸರು ಹಿಡಿದು ನೆನೆಯದವರು ಕಡಿಮೆ. ಒಬ್ಬ ಎರಡು ನಿಮಿಷ ತಡವಾಗಿದ್ದಕ್ಕೆ ಅರ್ಧ ದಿನ ಹಿಡಿದವನು. ಇನ್ನೊಬ್ಬ, ಹೆಂಡತಿಯ ಹೆರಿಗೆ ಎಂದು ಗೊತ್ತಾಗಿ ರಜೆ ಅರ್ಜಿಯನ್ನು ತಾನೇ ಬರೆದುಕೊಟ್ಟವನು. ಮೊಮ್ಮಗಳು ಈ ಇಬ್ಬರಲ್ಲಿ ಯಾರಂತಾಗುತ್ತಾಳೆ ಎಂದು ತಾತನ ಮನಸ್ಸಿನಲ್ಲಿ ಬಂದಿರಲೂಬಹುದು. ಕೇಳದೆ ನಾವೇ ತೀರ್ಪು ಬರೆದುಕೊಳ್ಳುವುದು ಬೇಡ.

ಅಪ್ಪನ ವಿಷಯದಲ್ಲೂ ಅಷ್ಟೇ. ಅವರ ಮುಖ ನೋಡಲು ಆಗುತ್ತಿಲ್ಲ ಎನ್ನುತ್ತೀರಿ, ಅವರಿಗೆ ಈ ಪಟ್ಟಿಯ ವಿಷಯವೇ ಗೊತ್ತಿಲ್ಲ ಎಂದು ನನ್ನ ಊಹೆ. ಕಂಪನಿಯ ಹೆಸರು, ಜನರ ಹೆಸರು ಯಾವುದೂ ಹೇಳಬೇಡಿ, ಹೇಳಕೂಡದು. 'ಇಂಥ ಒಂದು ಕೆಲಸ ಮಾಡಬೇಕಾಯಿತಪ್ಪಾ, ನಿನ್ನ ನೆನಪಾಯಿತು' ಅಂದರೆ ಸಾಕು. ಪಾಳಿ ಮುಗಿಸಿ ಬಂದು ಬೂಟು ಬಿಚ್ಚುವ ಹೊತ್ತು ಒಳ್ಳೆಯದು, ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಬೇಕಾಗಿಲ್ಲ. ಮತ್ತೆ ಇದನ್ನೂ ಕೇಳಿ: ಗಣಿ ಮುಚ್ಚಿದಾಗ ಯಾರಾದರೂ ಎದುರಿಗೆ ಕೂತು ನಿನ್ನ ಜೊತೆ ಮಾತಾಡಿದ್ದರೆ ಏನು ಹೇಳಬೇಕಾಗಿತ್ತು? ಅವರ ಉತ್ತರವನ್ನು ಬರೆದಿಟ್ಟುಕೊಳ್ಳಿ. ಯಾವ ಯೂನಿವರ್ಸಿಟಿಯ ಸಿಲಬಸ್ಸಿನಲ್ಲೂ ಅದು ಸಿಗುವುದಿಲ್ಲ.

ಇನ್ನು ಬೋಗಿ. ಮುಂದಿನ ಸೋಮವಾರ ನಿಮ್ಮ ಹಳೆಯ ಬೋಗಿಗೇ ಹತ್ತಿ. ಮೊದಲ ದಿನ ಬರೀ 'ಹೇಗಿದ್ದೀರಾ ಅಣ್ಣಾ' ಸಾಕು. ತಪ್ಪೊಪ್ಪಿಗೆ ಬೇಡ. 'ನನಗೆ ಮೊದಲೇ ಗೊತ್ತಿತ್ತು' ಎಂದು ಹೇಳಿಬಿಟ್ಟರೆ ನಿಮ್ಮ ಎದೆಯ ಭಾರ ಇಳಿಯುತ್ತದೆ, ಅವರ ಹೆಗಲಿಗೆ ಏರುತ್ತದೆ. ಆಫೀಸಿನ ಒಳಗಿನ ಮಾತು ಆಫೀಸಿನಲ್ಲೇ ಇರಲಿ. ಆದರೆ ಕಾನೂನು ಗುಟ್ಟಲ್ಲ. ಎರಡು ಮೂರು ದಿನ ಬಿಟ್ಟು ವಿಚಾರಿಸಿ: ಕೊನೆಯ ತಿಂಗಳ ಸಂಬಳ ಪೂರ್ತಿ ಬಂತಾ? ಪಿಎಫ್ ನಂಬರ್ ಕೈಯಲ್ಲಿದೆಯಾ, ಹೊಸ ಕೆಲಸಕ್ಕೆ ವರ್ಗಾಯಿಸಿದಿರಾ? ಇಎಸ್‌ಐ ಕಾರ್ಡ್ ಇತ್ತಾ? ಕಾಂಟ್ರ್ಯಾಕ್ಟರ್ ಕೂಲಿ ಬಾಕಿ ಉಳಿಸಿಕೊಂಡರೆ ಮೂಲ ಕಂಪನಿಯೇ ಅದನ್ನು ತೀರಿಸಬೇಕು ಎಂಬುದು ಎಷ್ಟೋ ಜನಕ್ಕೆ ಗೊತ್ತಿಲ್ಲ. ಕೆಲಸ ಹೋದ ಇಎಸ್‌ಐ ಸದಸ್ಯರಿಗೆ ಕೆಲವು ಷರತ್ತುಗಳ ಮೇಲೆ ಗರಿಷ್ಠ 90 ದಿನ ಭತ್ಯೆ ಕೊಡುವ ಅಟಲ್ ಬೀಮಿತ ವ್ಯಕ್ತಿ ಕಲ್ಯಾಣ ಯೋಜನೆ 2018ರಲ್ಲೇ ಶುರುವಾಯಿತು. ಅಣ್ಣನ ಜೊತೆಯವರಲ್ಲಿ ಇನ್ನೂ ಮನೆಯಲ್ಲಿ ಕೂತವರಿದ್ದರೆ ಇಎಸ್‌ಐ ಶಾಖಾ ಕಚೇರಿಯಲ್ಲಿ ವಿಚಾರಿಸಲು ಹೇಳಬಹುದು. ಅವರ ಮುಖ ನೋಡುವ ಧೈರ್ಯ ಇಲ್ಲ ಎಂದಿರಿ. ಕೈಯಲ್ಲಿ ಉಪಯೋಗಕ್ಕೆ ಬರುವ ಒಂದು ಮಾತು ಇದ್ದರೆ ಮುಖ ನೋಡುವುದು ಸ್ವಲ್ಪ ಸುಲಭವಾಗುತ್ತದೆ, ಮಾಡಿ ನೋಡಿ.

ಇದಕ್ಕೆ ನೀವು ಓದಬೇಕಾಗುತ್ತದೆ, ಗಟ್ಟಿಯಾಗಿ ಓದಬೇಕು. 2025ರ ನವೆಂಬರ್ 21ರಿಂದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ, ನಿಮ್ಮ ನೋಟ್ಸ್ ಇನ್ನೂ ಹಳೆಯ ಕಾಯ್ದೆಗಳದೇ ಇರಬಹುದು. ಎರಡನ್ನೂ ಎದುರುಬದುರು ಇಟ್ಟುಕೊಂಡು ಓದಿ. ವರ್ಷ ತುಂಬಿದ ಕೆಲಸಗಾರನನ್ನು ಕಡಿತ ಮಾಡುವಾಗ ಒಂದು ತಿಂಗಳ ನೋಟಿಸ್ ಅಥವಾ ಅದರ ಸಂಬಳ, ಸೇವೆಯ ಪ್ರತಿ ವರ್ಷಕ್ಕೆ 15 ದಿನದ ಸಂಬಳ, ಕೊನೆಗೆ ಬಂದವನು ಮೊದಲು ಹೋಗಬೇಕು, ಮತ್ತೆ ಜನ ಬೇಕಾದಾಗ ಹೋದವನಿಗೇ ಮೊದಲ ಕರೆ. ಇವು 1947ರ ಕೈಗಾರಿಕಾ ವಿವಾದ ಕಾಯ್ದೆಯಲ್ಲೂ ಇದ್ದವು, ಹೊಸದರಲ್ಲೂ ಇವೆ. ಕೆಲಸದಿಂದ ತೆಗೆದ ಎರಡು ಕೆಲಸದ ದಿನಗಳೊಳಗೆ ಬಾಕಿ ಸಂಬಳ ಚುಕ್ತಾ ಆಗಬೇಕು ಎಂದು ವೇತನ ಸಂಹಿತೆ ಹೇಳುತ್ತದೆ. ಮರುಕ ಇದ್ದು ಕಾನೂನು ಗೊತ್ತಿಲ್ಲದ ಎಚ್‌ಆರ್, ಕಣ್ಣಲ್ಲಿ ನೀರು ತುಂಬಿಕೊಂಡೇ ತಪ್ಪು ಪಟ್ಟಿಗೆ ಸಹಿ ಹಾಕುತ್ತಾರೆ. ಇದು ಸ್ವಲ್ಪ ಒರಟು ಮಾತು, ಬೇಕೆಂದೇ ಹೇಳಿದೆ.

ಪ್ರಾಜೆಕ್ಟ್ ವರದಿ ಇನ್ನೂ ಬರೆಯಬೇಕಿದ್ದರೆ ದಯವಿಟ್ಟು 'ಉದ್ಯೋಗಿಗಳ ತೃಪ್ತಿ: ಒಂದು ಅಧ್ಯಯನ' ಬೇಡ. ನೂರು ಪ್ರಶ್ನಾವಳಿ, ಆರು ವೃತ್ತದ ಚಾರ್ಟು, 'ಬಹುಪಾಲು ಉದ್ಯೋಗಿಗಳು ತೃಪ್ತರಾಗಿದ್ದಾರೆ' ಎಂಬ ತೀರ್ಮಾನ. ಇಂಥವನ್ನು ನೋಡಿ ನೋಡಿ ನನಗೇ ಸಾಕಾಗಿದೆ, ನಿಮ್ಮ ಗೈಡ್‌ಗೆ ಎಷ್ಟಾಗಿರಬೇಡ! ಕೆಜಿಎಫ್, ಬಂಗಾರಪೇಟೆಯಿಂದ ದಿನವೂ ರೈಲಿನಲ್ಲಿ ಹೋಗಿಬರುವ ಗುತ್ತಿಗೆ ಕೆಲಸಗಾರರ ಬಗ್ಗೆ ಬರೆಯಬಹುದಲ್ಲ. ಮನೆ ಬಿಡುವುದು ಎಷ್ಟಕ್ಕೆ, ಮುಟ್ಟುವುದು ಎಷ್ಟಕ್ಕೆ, ರೈಲು ತಡವಾದ ದಿನ ಮಷೀನ್ ಏನು ಲೆಕ್ಕ ಹಿಡಿಯುತ್ತದೆ. ನಿಮಗೆ ತಮಿಳು ಬರುತ್ತದೆ, ಕನ್ನಡ ಬರುತ್ತದೆ, ತೆಲುಗು ಅರ್ಥವಾಗುತ್ತದೆ ಎಂದು ನನ್ನ ನಂಬಿಕೆ, ಕೆಜಿಎಫ್‌ನವರಿಗೆ ಇದೇನು ದೊಡ್ಡದು. ಮಾಲೂರು, ನರಸಾಪುರ, ಹೊಸೂರಿನ ಶಾಪ್ ಫ್ಲೋರ್‌ನಲ್ಲಿ ಈ ಮೂರು ಭಾಷೆಗೆ ಇರುವ ಬೆಲೆ ನಿಮ್ಮ ಕ್ಲಾಸಿನ ಪಟಪಟ ಇಂಗ್ಲಿಷಿಗೆ ಇಲ್ಲ. ಇಂಗ್ಲಿಷ್ ಬೇಡ ಎನ್ನುತ್ತಿಲ್ಲ, ಬೇಕು. ದಿನಕ್ಕೆ ಇಪ್ಪತ್ತು ನಿಮಿಷ ಒಬ್ಬ ಗೆಳತಿಯ ಜೊತೆ ತಪ್ಪುತಪ್ಪಾಗಿ ಮಾತಾಡಿ, ಆರು ತಿಂಗಳಿಗೆ ಬರುತ್ತದೆ.

ಓದು ಬಿಡುವ ಪ್ರಶ್ನೆ. ಈಗ ಬೇಡ. ನಿದ್ದೆಗೆಟ್ಟ ಕಣ್ಣಿನಿಂದ ಇಂಥ ನಿರ್ಧಾರ ಮಾಡಬಾರದು. ಉಳಿದಿರುವುದು ಒಂದೇ ಸೆಮಿಸ್ಟರ್, ಹಿಂದೆ ಅಮ್ಮನ ಸಂಘದ ಸಾಲವಿದೆ. ಮುಗಿಸಿ. ಆಮೇಲೂ ಬ್ಯಾಂಕ್ ಪರೀಕ್ಷೆಯೇ ಬೇಕು ಅನಿಸಿದರೆ ಧಾರಾಳವಾಗಿ ಬರೆಯಿರಿ, ಅದು ಸೋಲಲ್ಲ. ಆದರೆ ಎಚ್‌ಆರ್ ಎಂದರೆ ಪಟ್ಟಿ ಪ್ರಿಂಟ್ ಮಾಡುವುದೊಂದೇ ಎಂದು ತಿಳಿದು ಬಿಡಬೇಡಿ. ತರಬೇತಿ ಇದೆ, ವೇತನ ವಿಭಾಗ ಇದೆ, ವೆಲ್ಫೇರ್ ಇದೆ, ಕೆಪಿಎಸ್‌ಸಿ ಮೂಲಕ ಕಾರ್ಮಿಕ ನಿರೀಕ್ಷಕರ ಹುದ್ದೆ ಇದೆ, ಕಾರ್ಮಿಕರ ಪರವಾಗಿ ಕೆಲಸ ಮಾಡುವ ಸಂಸ್ಥೆಗಳಿವೆ. ಈ ವೃತ್ತಿಯವರ ಸಂಘಟನೆ ಎನ್‌ಐಪಿಎಂಗೆ ಕರ್ನಾಟಕದಲ್ಲೂ ಶಾಖೆ ಇದೆ, ಅಲ್ಲಿನ ಒಂದು ಸಭೆಗೆ ಹೋಗಿ ಹಿರಿಯರೊಬ್ಬರನ್ನು ಹಿಡಿದು ಇದನ್ನೇ ಕೇಳಿ: 'ಮೊದಲ ಸಲ ಒಬ್ಬರನ್ನು ತೆಗೆದಾಗ ನಿಮಗೆ ಏನಾಯಿತು?' ಉತ್ತರಕ್ಕಿಂತ ಮುಂಚೆ ಒಂದು ನಿಟ್ಟುಸಿರು ಕೇಳಿಸಿದರೆ ಅವರ ಹತ್ತಿರ ಕಲಿಯಬಹುದು.

ಎಲ್ಲವೂ ನಿಮ್ಮ ಕೈಯಲ್ಲಿರುವುದಿಲ್ಲ, ಇದನ್ನೂ ಮುಚ್ಚಿಡಲಾರೆ. ನಾಳೆ ನೀವು ಅಧಿಕಾರಿಯಾದರೂ ನಿಮ್ಮ ಮಾತು ಮೀರಿ ಪಟ್ಟಿಗಳು ಬರುತ್ತವೆ. ಅದಕ್ಕೇ ಈಗಲೇ, ಯಾವ ಒತ್ತಡವೂ ಇಲ್ಲದಾಗ, ಒಂದು ಹಾಳೆಯಲ್ಲಿ ಬರೆದಿಡಿ: ಏನನ್ನು ನಾನು ಎದುರಿಗೆ ಕೂತು, ಅವರ ಭಾಷೆಯಲ್ಲೇ ಹೇಳುತ್ತೇನೆ, ಏನನ್ನು ಕಾನೂನಿಗೆ ವಿರುದ್ಧ ಎಂದು ಬರೆದುಕೊಟ್ಟು ನಿಲ್ಲಿಸಲು ನೋಡುತ್ತೇನೆ, ಯಾವುದಕ್ಕೆ ಸಹಿ ಹಾಕುವುದಕ್ಕಿಂತ ಕೆಲಸ ಬಿಡುತ್ತೇನೆ. ಮೂರನೆಯ ಸಾಲು ಖಾಲಿ ಉಳಿದರೂ ಪರವಾಗಿಲ್ಲ, ವರ್ಷ ಕಳೆದಂತೆ ತುಂಬುತ್ತದೆ.

ನಿದ್ದೆಯ ವಿಷಯ ಹಗುರವಾಗಿ ತೆಗೆದುಕೊಳ್ಳಬೇಡಿ. ಇನ್ನೂ ಎರಡು ವಾರ ಹೀಗೇ ಮಧ್ಯರಾತ್ರಿ ಎಚ್ಚರವಾಗುತ್ತಿದ್ದರೆ, ಊಟ ಸೇರದಿದ್ದರೆ, ಯಾವುದೂ ಬೇಡ ಅನಿಸತೊಡಗಿದರೆ ಕಾಲೇಜಿನ ಆಪ್ತ ಸಮಾಲೋಚಕರನ್ನು ಕಾಣಿ. ಟೆಲಿ ಮಾನಸ್ ಸಹಾಯವಾಣಿ 14416 ಸರ್ಕಾರದ್ದು, ಉಚಿತ, ಹಗಲಿರುಳೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಬದುಕೇ ಸಾಕು ಎಂಬ ಯೋಚನೆ ಒಂದು ಸಲ ಸುಳಿದರೂ ಎರಡು ವಾರ ಕಾಯಬೇಡಿ, ಆ ಗಳಿಗೆಯಲ್ಲೇ ಕರೆ ಮಾಡಿ, ಮನೆಯಲ್ಲಿ ಒಬ್ಬರನ್ನು ಎಬ್ಬಿಸಿ. ಇದೇ ಓದು ಓದುತ್ತಾ, ಇಂಥದೇ ರೈಲಿನಲ್ಲಿ ಓಡಾಡುತ್ತಾ ಈ ಅಂಕಣ ಓದುತ್ತಿರುವ ಇತರರಿಗೂ ಈ ಮಾತು ಸಲ್ಲುತ್ತದೆ. ಕೆಲಸ ಕಳೆದುಕೊಂಡು ಓದುತ್ತಿರುವವರಿಗಂತೂ ಇನ್ನೂ ಹೆಚ್ಚು.

ಒಂದು ತಿಂಗಳು ಬಿಟ್ಟು ಮತ್ತೆ ಬರೆಯಿರಿ. ದೊಡ್ಡ ಪತ್ರ ಬೇಡ. ಸೋಮವಾರ ಯಾವ ಬೋಗಿ ಹತ್ತಿದಿರಿ, ಟೈಮ್ ಆಫೀಸಿನ ಯಾರ ಹೆಸರನ್ನು ತಾತ ಹೇಳಿದರು, ಇಷ್ಟು ಸಾಕು. ಮತ್ತೆ, ಬೆಳಿಗ್ಗೆ ತಿಂಡಿ ತಿಂದು ಹೊರಡಿ. ಆ ಅಣ್ಣ ಕೇಳಿಯೇ ಕೇಳುತ್ತಾರೆ.